ಹನ್ನೊಂದು ಡಬ್ಬಿ, ಒಂದು ಗುಲಾಬಿ ಹಿಡಿ

ಅವಳು ಅವನನ್ನ ಮೊದಲ ಸಲ ನೋಡಿದ್ದು ಅಂದ್ರೆ, ಅವನ ಕೈ ನೋಡಿದ್ದು. ಮೊಣಕೈಯಿಂದ ಕೆಳಗೆ, ಅಷ್ಟೇ. ಮುಖ ಗಿಖ ಏನೂ ಇಲ್ಲ.

ತಪ್ಪು ತಿಳ್ಕೋಬೇಡಿ. ಅದು ಕ್ಲಾಸಿನ ರೂಲು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೊಬೈಲಿನಲ್ಲಿ ನಡೆಯೋ ಕ್ಲಾಸು. ಮನೆ ತುಂಬಾ ಸಾಮಾನು ಸೇರಿ, ಕಾಲಿಡೋಕೂ ಜಾಗ ಇಲ್ಲದೇ ಇರೋರಿಗೆ. ಒಂದೇ ಊರಿನ ನಲವತ್ತು ಜನ, ನಲವತ್ತು ಮನೆ. ಕ್ಯಾಮೆರಾ ಮುಖಕ್ಕಲ್ಲ, ಕಪಾಟಿಗೆ ಹಿಡೀಬೇಕು.

"ನಿಮ್ಮ ಮುಖ ಕಟ್ಕೊಂಡು ನನಗೇನಾಗಬೇಕು? ನಿಮ್ಮ ಅಟ್ಟ ತೋರಿಸಿ" ಅಂತಿದ್ರು ಕ್ಲಾಸ್ ನಡೆಸೋ ಟೀಚರಮ್ಮ.

ಆಮೇಲೆ ಇಬ್ಬಿಬ್ಬರನ್ನ ಜೋಡಿ ಮಾಡೋರು, ಹನ್ನೆರಡು ವಾರಕ್ಕೂ ಅದೇ ಜೋಡಿ. ಹದಿನೈದು ನಿಮಿಷಕ್ಕೆ ಟೈಮರು, ಅಂಥ ನಾಲ್ಕು ಸುತ್ತು. ಒಂದೊಂದೇ ಸಾಮಾನು ಎತ್ತಿ ಜೋಡಿಗೆ ತೋರಿಸಿ, ಮೂರು ಬುಟ್ಟೀಲಿ ಯಾವುದಕ್ಕೆ ಅಂತ ಹೇಳಬೇಕು. ಇರಲಿ. ಹೋಗಲಿ. ನೋಡೋಣ. ನೋಡೋಣ ಅಂದ್ರೆ ಚೀಟಿ ಮೇಲೆ ತಾರೀಖು ಬರೆದು ಅಂಟಿಸೋದು. ಆರು ವಾರ ಅದರ ನೆನಪೇ ಬರದೇ ಇದ್ರೆ ಕೊಟ್ಟುಬಿಡೋದು.

ಹೆಸರು ಹಾಕಿ ಅಂತ ಮೊಬೈಲು ಕೇಳಿದಾಗ ಅವಳು ಸುಸ್ತಾಗಿ 'ಉಸ್ಸಪ್ಪಾ' ಅಂತ ಒತ್ತಿದ್ಲು. ಅದೇ ಹೆಸರಾಯ್ತು.

ಅವಳು ಹಲ್ಲು ಮಾಡೋಳು. ಕಟ್ಟೋ ಹಲ್ಲು. ಆ ಊರಲ್ಲಿ ಅರವತ್ತು ದಾಟಿದ ಅರ್ಧ ಜನ ನಗೋದು ಅವಳ ಕೈಯಿಂದ. ಆದರೆ ಅವಳೇ ನಕ್ಕು ಎರಡು ವರ್ಷ ಆಗಿತ್ತು. ಅಮ್ಮ ಹೋದಮೇಲೆ ಅಮ್ಮನ ರೂಮಿನ ಒಂದು ಗುಂಡುಸೂಜೀನೂ ಅಲುಗಿಸಿರಲಿಲ್ಲ. ಆ ರೂಮು ತುಂಬಿ, ಹಾಲು ತುಂಬಿ, ಮಂಡಿನೋವಿನ ಅತ್ತೆ... ಅಪ್ಪನ ಅಕ್ಕ... ಅಡುಗೆಮನೆ ಬಾಗಿಲಲ್ಲಿ ಮಲಗೋ ಹಾಗಾಗಿತ್ತು. ಅತ್ತೆಗೊಂದು ರೂಮು ಮಾಡಿಕೊಡಬೇಕು ಅಂತ ಕ್ಲಾಸಿಗೆ ಸೇರಿದ್ದು.

ಮೊದಲ ಭಾನುವಾರ ಒಂದು ಸ್ಟೀಲ್ ಮುಚ್ಚಳ ಎತ್ತಿ ತೋರಿಸಿದ್ಲು. "ಇದರ ಡಬ್ಬಿ ಇಲ್ಲ. ಹೋಗಲಿ."

ಪಕ್ಕದಿಂದ ಸುಕ್ಕುಗಟ್ಟಿದ ಕೈಯೊಂದು ಬಂದು ಮುಚ್ಚಳ ಕಿತ್ಕೊಂಡು ಹೋಯ್ತು.

"ಅತ್ತೆ!"

"ಡಬ್ಬಿ ಬರುತ್ತೆ ಕಣೇ. ಮುಚ್ಚಳ ಇಟ್ಕೊಂಡು ಕಾಯಬೇಕು."

ಮೊಬೈಲಿನ ಆ ಕಡೆಯಿಂದ ಒಂದು ನಗು. ಗಂಡಸಿನ ನಗು. ಬಾವಿಗೆ ಕೊಡ ಬಿದ್ದ ಹಾಗೆ, ಆಳದಿಂದ.

"ಕ್ಷಮಿಸಿ" ಅಂದ ಅವನು. "ನನ್ನ ಸರದಿ ಅಲ್ವಾ?" ಅಂತ ಒಂದು ಕೈ ಮುಂದೆ ಬಂತು. ಹೆಬ್ಬೆರಳಿನ ಬುಡದಲ್ಲಿ ಚಂದ್ರನ ತುಂಡಿನಂಥ ಗಾಯದ ಗುರುತು. ಉಗುರಿನ ಸಂದೀಲಿ ಗ್ರೀಸು. ಲಿಫ್ಟು ರಿಪೇರಿ ಮಾಡೋ ಕೈ ಅಂತ ಆಮೇಲೆ ಗೊತ್ತಾಯ್ತು.

ಆ ಕೈ ಒಂದು ಒಡೆದ ಟಾರ್ಚನ್ನ, ಹಕ್ಕಿಮರಿ ಹಿಡಿದ ಹಾಗೆ ಹಿಡಿದಿತ್ತು.

ಹಲ್ಲು ಮಾಡೋಳಿಗೆ ಕೈ ನೋಡಿದ್ರೆ ಮನುಷ್ಯ ಗೊತ್ತಾಗ್ತಾನೆ. 'ಇದು ಒಳ್ಳೆ ಕೈ' ಅಂದ್ಕೊಂಡ್ಲು. ಅಂದ್ಕೊಂಡಿದ್ದಕ್ಕೆ ತನಗೇ ನಾಚಿಕೆ ಆಗಿ, ಒಂದು ಒಳ್ಳೇ ಬಾಣಲೆ ಹೋಗಲಿ ಬುಟ್ಟಿಗೆ ಹಾಕಿಬಿಟ್ಲು.

ವಾರ ವಾರ ಮಾತು ಬೆಳೀತು. ಅಣ್ಣನ ಸಂಸಾರ ಬೇರೆ ಕಡೆ ಹೋಗುವಾಗ ಬಿಟ್ಟುಹೋದ ಎರಡು ಕಪಾಟು ಖಾಲಿ ಮಾಡೋಕೆ ಅವನು ಸೇರಿದ್ದಂತೆ. ಆದರೆ ಆ ಕಪಾಟು ಅಕ್ಷಯ ಪಾತ್ರೆ. ಮೂರನೇ ವಾರ ಖಾಲಿ ಆಗಿತ್ತು, ನಾಲ್ಕನೇ ವಾರ ಮತ್ತೆ ಭರ್ತಿ. ಒಂಬತ್ತು ಅಲಾರಂ ಗಡಿಯಾರ. ಒಂದು ತೊಟ್ಟಿಲು. ಒಂದು ಜೊತೆ ಕೆಂಪು ಹೈಹೀಲ್ಡ್ ಚಪ್ಪಲಿ.

ಅವಳ ಎದೆ ಸ್ವಲ್ಪ ಚುರುಕ್ ಅಂತು. "ಅದು ಯಾರದು?"

ಆ ಕೈ ಚಪ್ಪಲಿಯ ಧೂಳು ಒರೆಸಿತು.

"...ನಂದೇ" ಅಂದ.

"ನಿಮ್ಮದಾ?"

"ಲಿಫ್ಟು ಕೆಟ್ಟಾಗ ಮೇಲಿನ ವೈರು ಎಟುಕಲ್ಲ."

ಎರಡು ವರ್ಷದ ನಗು ಅವತ್ತು ಒಟ್ಟಿಗೇ ಬಂತು. ಅತ್ತೆ ಮುಚ್ಚಳ ಒರೆಸ್ತಾ ಕೂತಿದ್ರು. ಇನ್ನೊಂದು ಮುಚ್ಚಳ ತಗೊಂಡು ಒರೆಸಿದ್ರು.

ಆರನೇ ವಾರ, ಅತ್ತೆ ಸ್ನಾನಕ್ಕೆ ಹೋದಾಗ, ಅಟ್ಟದಲ್ಲಿ ಸಿಕ್ಕ ಮುಚ್ಚಳ ಇಲ್ಲದ ಹನ್ನೊಂದು ಸ್ಟೀಲ್ ಡಬ್ಬಿ ಹೋಗಲಿ ಬುಟ್ಟಿ ಸೇರಿದ್ವು.

ಏಳನೇ ಭಾನುವಾರ ಅವಳು ಅಮ್ಮನ ಪೆಟ್ಟಿಗೆ ಎತ್ತಿದ್ಲು.

ಎಂಟು ಪುಟ್ಟ ಖಾನೆ ಇರೋ ಮರದ ಪೆಟ್ಟಿಗೆ. ಅಮ್ಮ ಅದರಲ್ಲಿ ಸೂಜಿ, ದಾರ, ಗುಂಡಿ ಇಡ್ತಿದ್ಲು. ಏಳು ಖಾನೆಗೆ ಮರದ ಹಿಡಿ. ಎಂಟನೇದು ಮಾತ್ರ ಗುಲಾಬಿ ಬಣ್ಣದ್ದು. ಅದು ಮುರಿದಾಗ ಅವಳಿಗೆ ಹತ್ತೊಂಬತ್ತು, ಆಗಷ್ಟೇ ಕೆಲಸ ಕಲೀತಿದ್ದಳು. ಕೃತಕ ವಸಡು ಮಾಡೋ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಒಂದು ಹಿಡಿ ಮಾಡಿ ಕೂರಿಸಿದ್ಲು. "ನನ್ನ ಪೆಟ್ಟಿಗೆಗೂ ಹಲ್ಲು ಬಂತು" ಅಂತ ಅಮ್ಮ ಬಂದೋರಿಗೆಲ್ಲಾ ತೋರಿಸಿದ್ಲು.

ಇದನ್ನೆಲ್ಲಾ ಅವನಿಗೆ ಹೇಳಿದ್ಲು. ಹೇಳಿ, ಪೆಟ್ಟಿಗೆ ಹಿಡ್ಕೊಂಡೇ ಕೂತಳು.

"ನೀವೇನಂತೀರಿ?"

ಅವನ ಕೈ ಕಪಾಟಿನ ಬಾಗಿಲು ತೆಗೆದು ಮುಚ್ಚಿತು. "ವರ್ಷದಿಂದ ತೆಗೀದೇ ಇದ್ರೆ ಹೋಗಲಿ ಅಂತಲ್ವಾ ಟೀಚರಮ್ಮ ಹೇಳಿದ್ದು..."

'ಇವರು ಹೇಳಿದ್ರೆ ಸರಿ ಇರುತ್ತೆ' ಅಂತ ಅವಳು ಅದನ್ನ ಹೋಗಲಿ ಬುಟ್ಟೀಲಿ ಇಟ್ಲು. ಮಧ್ಯಾಹ್ನ ಫೋಟೋ ತೆಗೆದು, ಕ್ಲಾಸಿನವರದ್ದೇ 'ತಗೊಂಡ್ಹೋಗಿ' ಅನ್ನೋ ಪುಟಕ್ಕೆ ಹಾಕಿದ್ಲು. ಬೇಡದ್ದನ್ನ ಅಲ್ಲಿ ಹಾಕೋದು, ಗ್ರಂಥಾಲಯದ ವರಾಂಡದಲ್ಲಿ ಇಟ್ಟು ಬರೋದು, ಬೇಕಾದವರು ತಗೊಂಡು ಹೋಗೋದು. ಕೊಟ್ಟವರು ಯಾರೋ, ತಗೊಂಡವರು ಯಾರೋ. ಪುಟದಲ್ಲಿ ಪಟ್ಟಿ ಇದ್ರೂ ಯಾರೂ ನೋಡಲ್ಲ.

ಇಟ್ಟು ಬರುವಾಗ ಮೂರು ಸಲ ತಿರುಗಿ ನೋಡಿದ್ಲು.

ಒಂಬತ್ತನೇ ಭಾನುವಾರ. ಅವನು ಕಪಾಟಿನ ಮೇಲಿಂದ ಏನೋ ಎಳೆಯುವಾಗ ಒಂದು ಬಟ್ಟೆ ಜಾರಿತು. ಹಿಂದೆ... ಗುಲಾಬಿ ಚುಕ್ಕೆ.

ಕೋಟಿ ಪೆಟ್ಟಿಗೆ ಇರಬಹುದು ಲೋಕದಲ್ಲಿ. ವಸಡಿನ ಹಿಡಿ ಇರೋದು ಒಂದೇ.

"ಅದೇನು ಹಿಂದೆ?" ಅಂದ್ಲು.

ಆ ಒಳ್ಳೆ ಕೈ ಗಡಿಬಿಡಿಯಿಂದ ಬಟ್ಟೆ ಎಳೆದು ಮುಚ್ಚಿತು. "ಏನಿಲ್ಲ. ಏನೂ ಇಲ್ಲ."

ಅವಳು ಕ್ಲಾಸಿನಿಂದ ಹೊರಗೆ ಬಂದ್ಲು. 'ತಗೊಂಡ್ಹೋಗಿ' ಪುಟ ತೆಗೆದು, ತಗೊಂಡವರ ಪಟ್ಟಿ ನೋಡಿದ್ಲು. ಒಂಬತ್ತು ಗಡಿಯಾರ, ತೊಟ್ಟಿಲು, ಕೆಂಪು ಚಪ್ಪಲಿ, ಅವಳದ್ದೇ ಹನ್ನೊಂದು ಡಬ್ಬಿ, ಅಮ್ಮನ ಪೆಟ್ಟಿಗೆ. ಎಲ್ಲಾ ಒಬ್ಬನೇ ತಗೊಂಡಿದ್ದು. ಅರವತ್ತೇಳು ಸಾಮಾನು.

'ಗುಜರಿಯವನು. ಸಿಹಿಯಾಗಿ ಮಾತಾಡಿ ಹೋಗಲಿ ಅನ್ನಿಸೋದು, ಆಮೇಲೆ ಹೋಗಿ ಬಾಚ್ಕೊಂಡು ಬರೋದು. ನಾನು ಅಮ್ಮನ ಮಾತೆಲ್ಲಾ ಹೇಳಿದೆನಲ್ಲಾ... ಅವನು ಬೆಲೆ ಅಂದಾಜು ಮಾಡ್ತಿದ್ದನಾ?'

ಅವತ್ತು ಲ್ಯಾಬಿನಲ್ಲಿದ್ದಿದ್ರೆ ಯಾರಿಗೋ ಮೇಲಿನ ಹಲ್ಲು ಕೆಳಗೆ ಕೂರಿಸಿರೋಳು. ಪುಣ್ಯಕ್ಕೆ ಭಾನುವಾರ.

ಎರಡು ವಾರ ಕ್ಲಾಸಿಗೆ ಹೋಗಲಿಲ್ಲ. ಹತ್ತು ಗಂಟೆ ಆದ್ರೆ ಮಾತ್ರ ಕಣ್ಣು ಮೊಬೈಲಿನ ಮೇಲೆ ಹೋಗೋದು. ಬೆಂಕಿ ಆರಿದ ಒಲೆ ಮುಂದೆ ಬೆಕ್ಕು ಕೂತ ಹಾಗೆ ಕೂತಿರೋಳು.

ಹನ್ನೆರಡನೇ ಭಾನುವಾರ ಕೊನೇ ಕ್ಲಾಸು. ಎಲ್ಲರೂ ಮೊಬೈಲ್ ಹಿಡ್ಕೊಂಡು ಮನೆ ಪೂರ್ತಿ ತೋರಿಸಬೇಕು.

"ನೋಡ್ಬಾ" ಅಂದ್ರು ಅತ್ತೆ.

"ನನಗೆ ಬೇಡ."

"ನಿನಗಲ್ಲ ಕಣೇ. ನನ್ನ ಹನ್ನೊಂದು ಡಬ್ಬಿ ಯಾವ ಗತಿಗೆ ಬಂದಿದೆ ಅಂತ ನಾನು ನೋಡಬೇಕು."

ಅತ್ತೆಯ ಮೊಬೈಲಿನಿಂದ, ಅತ್ತೆ ಹೆಸರಲ್ಲಿ, ಸದ್ದಿಲ್ಲದೆ ಸೇರಿದ್ರು.

ಅವನ ಸರದಿ ಬಂತು. ಕ್ಯಾಮೆರಾ ತಿರುಗಿತು. ಹಾಲಲ್ಲಿ ಒಂದು ಕುರ್ಚಿ. ಇನ್ನೊಂದು ರೂಮಲ್ಲಿ ಚಾಪೆ, ದಿಂಬು. ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಕೂಗಿದ್ರೆ ಮಾರ್ದನಿ ಬರೋ ಅಂಥ ಮನೆ. ಮೂಲೇಲಿ ಮಾತ್ರ, ಆ ವಾರದ್ದು ಅಂತ ಒಂದು ರಾಶಿ.

"ಏನ್ರೀ ಇದು?" ಟೀಚರಮ್ಮನ ಧ್ವನಿ ಏರಿತು. "ಸಾಮಾನೇ ಇಲ್ವಲ್ಲ. ಹನ್ನೆರಡು ವಾರ ಅದೇನು ಎತ್ತಿಟ್ರಿ?"

"ಮೂರೇ ವಾರಕ್ಕೆ ಮುಗೀತು ಮೇಡಂ."

"ಮುಗಿದೋರು ಜಾಗ ಬಿಡಬೇಕು ಅಂತ ರೂಲು ಇದೆ. ಹೊರಗೆ ಎಪ್ಪತ್ತು ಜನ ಕಾಯ್ತಿದಾರೆ."

"ಅದಕ್ಕೇ ಮೇಡಂ... ಪುಟದಿಂದ ಊರವರ ಸಾಮಾನು ತಂದು ತುಂಬಿಸ್ಕೊಂಡೆ. ಭಾನುವಾರ ತೋರಿಸೋದು, ಸೋಮವಾರ ಬೇಕಾದವರಿಗೆ ತಲುಪಿಸೋದು. ತೊಟ್ಟಿಲು ಒಬ್ಬ ಗಾರೆಯವನ ಮಗೂಗೆ ಹೋಯ್ತು."

"ಗಡಿಯಾರದಲ್ಲಿ ಮೂರು ನಂದು" ಅಂತ ಯಾರೋ ಮೈಕ್ ಆರಿಸೋದು ಮರೆತು ಹೇಳಿದ್ರು.

"ಯಾಕ್ರೀ ಈ ಕರ್ಮ?" ಅಂದ್ರು ಟೀಚರಮ್ಮ.

ಅವನು ಕುರ್ಚಿ ಮೇಲೆ ಕೂತ ಸದ್ದು ಕೇಳಿಸಿತು.

"ಕ್ಲಾಸು ಬಿಟ್ರೆ ನನ್ನ ಜೋಡಿಯವರ ಮಾತು ಕೇಳೋಕೆ ಸಿಗಲ್ಲ. ವಾರಕ್ಕೆ ಒಂದು ಗಂಟೆ ಈ ಮನೇಲಿ ಇನ್ನೊಂದು ದನಿ ಇರ್ತಿತ್ತು. ಅದನ್ನ ಹೋಗಲಿ ಬುಟ್ಟಿಗೆ ಹಾಕೋಕೆ ಆಗ್ಲಿಲ್ಲ."

ಆ ಕೈ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನ ಮಡಿಲಿಗೆ ಎಳ್ಕೊಂಡಿತು.

"ಒಂದು ತಪ್ಪು ಮಾಡಿದೀನಿ. ಅವರ ಅಮ್ಮನ ಪೆಟ್ಟಿಗೆ ಹೋಗಲಿ ಅಂದೆ. ರೂಲು ಅಂತ ಅಂದೆ. ಬುಟ್ಟೀಲಿ ಇಟ್ಟ ಮೇಲೂ ಅವರ ಕೈ ಬಿಡಲಿಲ್ಲ. ಟೈಮರು ಓಡ್ತಿತ್ತಲ್ಲ, ನೋಡಿದೆ. ಎರಡು ನಿಮಿಷ ಹತ್ತು ಸೆಕೆಂಡು. ಬೇರೆ ಯಾರ ಪಾಲೂ ಆಗಬಾರದು ಅಂತ ಅವತ್ತೇ ಓಡಿಹೋಗಿ ತಂದೆ. ಹೇಳೋಣ ಅಂದ್ರೆ, ಮಿಕ್ಕಿದ ಸುಳ್ಳೆಲ್ಲಾ ಬಿಚ್ಚಬೇಕಿತ್ತು... ಹೆದರಿದೆ. ಅವರು ಎರಡು ವಾರದಿಂದ ಬಂದಿಲ್ಲ. ಯಾರಿಗಾದ್ರೂ ಅವರು ಗೊತ್ತಿದ್ರೆ ಹೇಳಿ. ಪೆಟ್ಟಿಗೆ ನಾಳೆ ಸಂಜೆ ಐದಕ್ಕೆ ವರಾಂಡದಲ್ಲಿರುತ್ತೆ. ನನ್ನ ಮುಖ ನೋಡೋದು ಬೇಡ ಅಂದ್ರೆ ಇಟ್ಟು ಹೋಗ್ತೀನಿ."

ಅವಳ ಕಣ್ಣು ತುಂಬಿತ್ತು. ಆದರೂ ಒಂದು ಮುಳ್ಳು ಉಳಿದಿತ್ತು. "ಮಾತು ಚೆನ್ನಾಗಿದೆ ಅತ್ತೆ. ಆದರೆ ಸಿಕ್ಕಿಬಿದ್ದ ಮೇಲೆ ಎಲ್ಲರೂ ಚೆನ್ನಾಗೇ ಮಾತಾಡ್ತಾರೆ."

"ಸರಿ ಹಾಗಾದ್ರೆ" ಅಂದ್ರು ಅತ್ತೆ. "ನಾಳೆ ಪೆಟ್ಟಿಗೆ ತಗೊಂಡು ಬಂದ್ಬಿಡೋಣ. ನಾನು ಮುಚ್ಚಳ ತಗೊಂಡು ಬರ್ತೀನಿ."

ಮಾರನೇ ದಿನ ಐದಕ್ಕೆ ವರಾಂಡದ ಕಟ್ಟೆ ಮೇಲೆ ಒಬ್ಬ ಮನುಷ್ಯ. ಮಡಿಲಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ, ಕಾಲ ಹತ್ತಿರ ಒಂದು ಚೀಲ. ಅವಳು ಮುಖ ನೋಡಲಿಲ್ಲ. ಹೆಬ್ಬೆರಳು ನೋಡಿದ್ಲು. ಚಂದ್ರನ ತುಂಡು ಅಲ್ಲೇ ಇತ್ತು.

"ಕೊಡಿ" ಅಂದ್ಲು.

ಆ ದನಿಗೆ ಅವನು ಎದ್ದು ನಿಂತ. ನೋಡಿದ. ನೋಡ್ತಾನೇ ನಿಂತ.

"ಏನು?"

"ಏನಿಲ್ಲ. ನಿಮಗೆ ಮುಖಾನೂ ಇರುತ್ತೆ ಅಂತ ಯೋಚನೇನೇ ಮಾಡಿರಲಿಲ್ಲ."

ಅವಳು ನಗಲಿಲ್ಲ. ಗುಲಾಬಿ ಹಿಡಿ ಹಿಡಿದು ಎಂಟನೇ ಖಾನೆ ಎಳೆದಳು. ಖಾಲಿ ಮಾಡಿ ಕೊಟ್ಟ ಖಾನೇಲಿ ಒಂದು ಚೀಟಿ ಇತ್ತು. ಮೂಲೇಲಿ ಗ್ರೀಸಿನ ಬೆರಳಚ್ಚು.

'ಉಸ್ಸಪ್ಪಾ ಅವರದು. ಅವರು ಕೇಳಿದ ದಿನ ಕೊಡೋದು.'

ಕೆಳಗೆ ತಾರೀಖು. ಏಳನೇ ಭಾನುವಾರದ್ದು. ಅವಳು ಇಟ್ಟು, ಮೂರು ಸಲ ತಿರುಗಿ ನೋಡಿ ಬಂದ ಅದೇ ದಿನದ್ದು. ಸಿಕ್ಕಿಬೀಳೋಕೆ ಎರಡು ವಾರ ಮುಂಚೆ ಬರೆದಿದ್ದು.

ಮುಳ್ಳು ಎಲ್ಲಿತ್ತು ಅಂತ ಹುಡುಕಿದ್ಲು. ಸಿಗಲಿಲ್ಲ.

ಅಷ್ಟರಲ್ಲಿ ಅತ್ತೆ ಅವನ ಚೀಲ ಬಿಚ್ಚಿ ಕಟ್ಟೆ ಮೇಲೆ ಡಬ್ಬಿ ಸಾಲಾಗಿ ಇಟ್ಟಿದ್ರು. ತಮ್ಮ ಚೀಲದಿಂದ ಮುಚ್ಚಳ ತೆಗೆದು ಒಂದೊಂದಕ್ಕೇ ಹಾಕ್ತಿದ್ರು. ಟಪ್. ಟಪ್. ಹನ್ನೊಂದಕ್ಕೆ ಹನ್ನೊಂದೂ ಕೂತವು.

"ಇದನ್ನ ಯಾಕೆ ಯಾರಿಗೂ ಕೊಡಲಿಲ್ಲಪ್ಪಾ?"

"ಮುಚ್ಚಳ ಇಲ್ಲದ ಡಬ್ಬಿ ಯಾರಿಗೆ ಕೊಡ್ಲಿ ಅಮ್ಮಾ? ಮುಚ್ಚಳ ಯಾರ ಹತ್ರ ಇದೆ ಅಂತ ಗೊತ್ತಿತ್ತು."

ಅತ್ತೆ ತೃಪ್ತಿಯಿಂದ ತಲೆ ಆಡಿಸಿ, ಗ್ರಂಥಾಲಯದಲ್ಲಿ ಏನೋ ಕೆಲಸ ಇರೋ ಹಾಗೆ ಆ ಕಡೆ ತಿರುಗಿ ನಿಂತ್ರು. ಅವರಿಗೆ ಓದೋಕೆ ಕನ್ನಡಕ ಬೇಕು. ಕನ್ನಡಕ ಮನೇಲಿತ್ತು.

ಅವನು ಗಂಟಲು ಸರಿ ಮಾಡ್ಕೊಂಡ. "ಪೆಟ್ಟಿಗೆ ಇರಲಿ ಅಂತಾಯ್ತು. ನಾನು... ಯಾವ ಬುಟ್ಟಿಗೆ?"

ಅವಳು ಬ್ಯಾಗಿನಿಂದ ಪೆನ್ನು ತೆಗೆದ್ಲು. ಅದೇ ಚೀಟಿಯ ಹಿಂದೆ ಅವತ್ತಿನ ತಾರೀಖು ಬರೆದು, ಮಡಚಿ, ಅವನ ಅಂಗಿ ಜೇಬಿಗೆ ಹಾಕಿದ್ಲು.

"ನೋಡೋಣ" ಅಂದ್ಲು. "ಆರು ವಾರ."

ಅವನ ಮುಖ ಸಣ್ಣದಾಯ್ತು. "ನೆನಪಾಗದೇ ಇದ್ರೆ ಕೊಟ್ಟುಬಿಡ್ತೀರಾ?"

"ರೂಲು ಅಂದ್ರೆ ರೂಲು."

"ಹೆದರಬೇಡಪ್ಪಾ" ಅಂದ್ರು ಅತ್ತೆ, ತಿರುಗದೇನೇ. "ನಮ್ಮನೇಲಿ ನೋಡೋಣ ಅಂತ ಇಟ್ಟಿದ್ದು ಇವತ್ತಿನವರೆಗೂ ಒಂದೂ ಹೊರಗೆ ಹೋಗಿಲ್ಲ."

ಅವಳು ಪೆಟ್ಟಿಗೆಯನ್ನ ಎದೆಗೆ ಅವಚಿಕೊಂಡು ನಾಲ್ಕು ಹೆಜ್ಜೆ ಹೋದಳು. ನಿಂತಳು. ಈ ಸಲ ಒಂದೇ ಸಲ ತಿರುಗಿ ನೋಡಿದ್ಲು.

"ಭಾನುವಾರ ಹತ್ತಕ್ಕೆ ಬನ್ನಿ. ಅಮ್ಮನ ರೂಮು ಇನ್ನೂ ಅರ್ಧ ಬಾಕಿ ಇದೆ."

"ಮೊಬೈಲು ತರ್ಲಾ?"

"ಬೇಡ" ಅಂದ್ಲು. "ಮುಖ ತಗೊಂಡು ಬನ್ನಿ."