ಹೊಕ್ಕ ಕಂಡಿ

೨೦೨೪ರ ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ತಾಲೂಕು ಕೋರ್ಟಿನ ವರಾಂಡದಲ್ಲಿ ಜೆರಾಕ್ಸ್ ಯಂತ್ರದ ಬಿಸಿ ವಾಸನೆ ಹರಡಿತ್ತು. ಸುಲೋಚನಮ್ಮ ಲೋಕೇಶನ ಎದುರು ಬಂದು ನಿಂತರು. ಅವನು ತಮ್ಮ ತೋಟಕ್ಕೆ ಅತಿಕ್ರಮವಾಗಿ ಹೊಕ್ಕನೆಂದು ದೂರು ಕೊಟ್ಟವರು ಅವರೇ.

"ದಂಡ ಕಟ್ಟಬೇಡಿ ಸಾರ್. ರಾಜಿ ಮಾಡಿಕೊಳ್ಳುವ. ನನಗೆ ನಿಮ್ಮಿಂದ ಎಂತದೂ ಬೇಡ. ಒಂದು ಸಲ ತೋಟಕ್ಕೆ ಬಂದು, ಹೊಕ್ಕ ಕಂಡಿಯಲ್ಲೇ ಹೊರಗೆ ಬಂದರೆ ಸಾಕು."

"ಬಂದಿದ್ದಕ್ಕೆ ಕೇಸು ಹಾಕಿದ್ರಿ. ಈಗ ನೀವೇ ಕರೀತೀರಲ್ಲ?"

"ಪೊಲೀಸಿನವರು ಹುಡುಕದಿದ್ದರೆ ನೀವು ಯಾರು, ಎಲ್ಲಿಯವರು ಅಂತ ನನಗೆ ಎಂತ ಗೊತ್ತು? ನೀವು ಇನ್ನೂ ಹೊರಗೆ ಬಂದಿಲ್ಲ ಸಾರ್. ದಿನಾ ಬೆಳಿಗ್ಗೆ ನೋಡುತ್ತೇನೆ. ಮೆಣಸಿನ ಬಳ್ಳಿ ಹತ್ತಿರ ಬೆನ್ನು ಹಾಕಿ ನಿಂತಿದ್ದೀರಿ."

ಲೋಕೇಶ ನಕ್ಕ. "ಹಾಗಾದ್ರೆ ಇಲ್ಲಿ ನಿಂತಿರೋನು ಯಾರಮ್ಮ, ನನ್ನ ತಮ್ಮನಾ?"

ಅವರು ನಗಲಿಲ್ಲ. ಅವನ ಬೂಟುಗಳನ್ನು ನೋಡಿ ಮೆಲ್ಲಗೆ ಕೇಳಿದರು. "ಕಾಲು ತಣ್ಣಗಾಗಿದೆಯಾ?"

ಅವನ ನಗು ನಿಂತಿತು.

ಲೋಕೇಶ ತುಮಕೂರಿನ ಕಡೆಯ ಸರ್ವೇಯರ್. ಪೊನ್ನಂಪೇಟೆಗೆ ಬಂದು ಮೂರು ತಿಂಗಳಾಗಿತ್ತು. ಅಕ್ಟೋಬರ್ ೧೪ರಂದು ತಿತಿಮತಿ ಹತ್ತಿರದ ಎಸ್ಟೇಟೊಂದನ್ನು ಅಳೆಯಲು ಹೊರಟವನು, ಅರ್ಧ ಕಿಲೋಮೀಟರು ಸುತ್ತು ಉಳಿಯಲೆಂದು ಸುಲೋಚನಮ್ಮನ ಬೇಲಿಯ ಕಂಡಿಯಲ್ಲಿ ನುಸುಳಿದ್ದ. ಆಳುಗಳು ಕೂಗಿದರೂ ನಿಲ್ಲದೆ ಆಚೆಯ ಗೇಟು ಹಾರಿ ರಸ್ತೆಗೆ ಇಳಿದಿದ್ದ. ಮರುದಿನದಿಂದ ಅಂಗಾಲು ಮರಗಟ್ಟಿತು. ವಿಟಮಿನ್ ಕೊರತೆ ಎಂದು ಡಾಕ್ಟರು ಮಾತ್ರೆ ಬರೆದರು. ಅವನು ದಿನಾ ಬೆಳಿಗ್ಗೆ ಸೂಜಿಯಿಂದ ಚುಚ್ಚಿ ನೋಡುತ್ತಿದ್ದ. ನೋವು ಶುರುವಾಗುವ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ನೆಲದಿಂದ ಅಲ್ಲಿಗೆ ಟೇಪು ಹಿಡಿಯುತ್ತಿದ್ದ. ದಿನಕ್ಕೆ ಒಂದು ಸೆಂಟಿಮೀಟರ್, ತಪ್ಪದೆ. ಇವತ್ತಿಗೆ ಇಪ್ಪತ್ತೊಂಬತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ನಮ್ಮ ಮಾವ ಇದೇ ಕೋರ್ಟಿಗೆ ಹನ್ನೊಂದು ವರ್ಷ ಅಲೆದರು," ಎಂದರು ಸುಲೋಚನಮ್ಮ. "ಮೆಣಸು ಕದಿಯಲಿಕ್ಕೆ ಹೊಕ್ಕವರ ಮೇಲೆ ಕೇಸು. ಸಾಕ್ಷಿ ಬರುವುದಿಲ್ಲ, ವಾಯಿದೆ ಮೇಲೆ ವಾಯಿದೆ. ಕೊನೆಗೆ ಐನೂರು ದಂಡ. ಕಟ್ಟಿದವ ಮರುವಾರ ಮತ್ತೆ ಹೊಕ್ಕ. ಮಾವನಿಗೆ ರೋಸಿಹೋಯಿತು. ಘಟ್ಟದ ಕೆಳಗಿನ ಮಂತ್ರವಾದಿಯನ್ನು ಕರೆಸಿ ನಾಲ್ಕು ಮೂಲೆಗೂ ಕಟ್ಟು ಹಾಕಿಸಿದರು. ಹೊಕ್ಕವ ಅಲ್ಲೇ ನಿಲ್ಲಬೇಕು, ಮನೆಯವರು ಬಂದು 'ಬಿಟ್ಟೆ' ಅನ್ನುವ ತನಕ. ಆದರೆ ಕೋರ್ಟಾಗಲಿ ಬೇರೆ ಯಾರಾಗಲಿ ನ್ಯಾಯ ತೀರಿಸಿದರೆ, ಆಮೇಲೆ ಬಿಡುವ ಬಾಯಿ ನಮ್ಮದಲ್ಲ. ಹಾಗಂತ ಆ ಮಂತ್ರವಾದಿ ಹೇಳಿ ಹೋಗಿದ್ದಾನೆ. ಅವನೂ ಈಗಿಲ್ಲ."

ಅಷ್ಟರಲ್ಲಿ ಲೋಕೇಶನ ವಕೀಲ ತೀರ್ಥಪ್ರಸಾದ್ ಕೋಟಿನ ತೋಳು ಏರಿಸುತ್ತ ಬಂದರು. "ಎರಡು ದಾರಿ ಉಂಟು ಸಾರ್. ರಾಜಿಯಾದರೆ ಹೆಸರಿಗೆ ಕೇಸು ಅಂಟುವುದಿಲ್ಲ. ತಪ್ಪೊಪ್ಪಿಕೊಂಡರೆ ದಂಡ, ಹತ್ತು ನಿಮಿಷದ ಕೆಲಸ. ಸುಲೋಚನಕ್ಕ ಒಪ್ಪಿದ್ದಾರಲ್ಲ, ರಾಜಿಯೇ ಒಳ್ಳೆದು."

"ಮಾಟಕ್ಕೆ ಹೆದರಿ ರಾಜಿಯಾದೆ ಅಂತ ಅರ್ಜೀಲಿ ಬರೀತೀರಾ?"

"ಬರೆಯಲಿಕ್ಕೆ ನನಗೆಂತ, ಸಹಿ ನಿಮ್ಮದು."

ಲೋಕೇಶ ಸುಲೋಚನಮ್ಮನ ಕಡೆ ನೋಡಲಿಲ್ಲ. ಮಧ್ಯಾಹ್ನ ಅಳತೆಯ ಕೆಲಸ ಕಾದಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಹೆಂಗಸು ಅವನ ಕಾಲಿನ ಸಂಗತಿ ಹೇಳಿದ ರೀತಿ ಅವನನ್ನು ಕೆರಳಿಸಿತ್ತು. ತಾನು ಕುಂಟುವುದನ್ನು ಯಾರೋ ಆಳು ನೋಡಿ ಹೇಳಿರಬೇಕು.

"ದಂಡ ಕಟ್ತೀನಿ," ಎಂದ.

ಹೆಸರು ಕೂಗಿದರು. ಕಟಕಟೆಯ ಮರ ಸಾವಿರ ಕೈಗಳ ಬೆವರಿಗೆ ನುಣುಪಾಗಿತ್ತು. ತಪ್ಪು ಒಪ್ಪುತ್ತೀರಾ ಎಂದು ಕೇಳಿದರು. ಒಪ್ಪುತ್ತೇನೆ ಎಂದ. ಸಾವಿರ ರೂಪಾಯಿ ದಂಡ. ಕಟ್ಟಿದ. ಗುಮಾಸ್ತ ರಶೀದಿಗೆ ಮೊಹರು ಒತ್ತಿದ.

ಆ ಸದ್ದಿನೊಂದಿಗೆ ತಂಪು ಮೇಲೆ ಹತ್ತಿತು. ಮೀನಖಂಡ ದಾಟಿತು. ಮೊಣಕಾಲಿಗೆ ಬಂತು. ಮೂಗಿಗೆ ಹಸಿಮಣ್ಣಿನ ವಾಸನೆ ಅಡರಿತು, ಕೊಳೆತ ಕಾಫಿ ಎಲೆಯ ವಾಸನೆ. ಗೋಡೆ ಹಿಡಿದು ಶೌಚಾಲಯಕ್ಕೆ ಹೋಗಿ ಸೂಜಿ ತೆಗೆದ. ಹನ್ನೆರಡು ಗಂಟೆ. ನಲವತ್ತೆಂಟು ಸೆಂಟಿಮೀಟರ್.

ಹೊರಗೆ ಬಂದು ವಕೀಲರ ತೋಳು ಹಿಡಿದ. "ಈಗ ರಾಜಿ ಆಗಬಹುದಾ?"

"ದಂಡ ಕಟ್ಟಿ ಮುಗಿದ ಕೇಸಿಗೆ ಇನ್ನೆಂತ ರಾಜಿ ಮಾರಾಯ್ರೆ? ಹೋಗಿ ಊಟ ಮಾಡಿ."

ಮೂರು ಗಂಟೆಯವರೆಗೂ ಅವನು ವರಾಂಡದಲ್ಲಿ ಕಾಲು ಉಜ್ಜುತ್ತ ಕುಳಿತ. ಸುಲೋಚನಮ್ಮ ಇನ್ನೂ ಬಸ್ಸಿಗೆ ಕಾಯುತ್ತಿದ್ದರು. ಅವನು ಎದುರಿಗೆ ಬಂದು ನಿಂತಾಗ ಬೈಯಲಿಲ್ಲ. ಅವನ ಮುಖ ನೋಡಿ ಜೀಪು ಕರೆದರು.

ತೋಟ ತಲುಪಿದಾಗ ಮೂರೂ ಐವತ್ತು. ಕಾಫಿ ಹಣ್ಣು ಕೆಂಪಾಗಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ, ಜೀರುಂಡೆಯದೂ ಇಲ್ಲ. ಕಂಡಿಯಲ್ಲಿ ನುಗ್ಗಿ, ಸಿಲ್ವರ್ ಓಕ್ ಮರಗಳ ದಟ್ಟ ನೆರಳಿಗೆ ಕಣ್ಣು ಹೊಂದಿಕೊಳ್ಳುವವರೆಗೂ ನಿಂತರು. ಆಮೇಲೆ ಲೋಕೇಶ ನೋಡಿದ.

ತಾನು ಅವತ್ತು ತೊಟ್ಟಿದ್ದ ನೀಲಿ ಅಂಗಿ. ಹೆಗಲ ಮೇಲೆ ಅಳತೆಯ ಮುಕ್ಕಾಲಿ. ಬೆನ್ನು ಹಾಕಿ ನಿಂತಿತ್ತು. ತೊಡೆಯವರೆಗೆ ಮಣ್ಣಿನೊಳಗೆ. ಕುತ್ತಿಗೆಯ ಮೇಲೆ ಕೆಂಜಿಗಗಳ ಸಾಲು ಹರಿಯುತ್ತಿತ್ತು. ಅವನ ಕುತ್ತಿಗೆ ಉರಿಯಿತು. ಕೈ ಹಾಕಿ ಸವರಿಕೊಂಡ. ಇರುವೆ ಇರಲಿಲ್ಲ.

"ಹೇಳಿ," ಎಂದ. "ಬೇಗ ಹೇಳಿ."

ಸುಲೋಚನಮ್ಮ ಬಾಯಿ ತೆರೆದರು. ತುಟಿ ಕೂಡಿತು. ಸ್ವರ ಬರಲಿಲ್ಲ. ಮತ್ತೆ ತೆರೆದರು. ಗಂಟಲ ನರ ಉಬ್ಬಿತು. ಇಲ್ಲ. ಮೂರನೆಯ ಸಲಕ್ಕೆ ಅವರ ಕಣ್ಣಿಂದ ನೀರು ಇಳಿಯಿತು.

"ಉಳಿದ ಮಾತೆಲ್ಲ ಬರುತ್ತದೆ ಸಾರ್. ಅದೊಂದು ಬರುವುದಿಲ್ಲ."

ಲೋಕೇಶ ಅದರ ಕಂಕುಳಿಗೆ ಕೈ ಕೊಟ್ಟು ಎಳೆದ. ಅಲುಗಲಿಲ್ಲ. ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಬಳ್ಳಿಯ ಬುಡದಲ್ಲಿದ್ದ ಗುದ್ದಲಿ ಎತ್ತಿ ಅಗೆದ. ತೋಡಿದ ಮಣ್ಣು ಮತ್ತೆ ತುಂಬಿತು. ಮತ್ತೆ ತೋಡಿದ. ಮತ್ತೆ ತುಂಬಿತು. ಗುದ್ದಲಿ ಎಸೆದ. ಕಂಡಿಯತ್ತ ಓಡಿದ. ಹೊರಗೆ ಹೋದ. ಒಳಗೆ ಬಂದ. ಮತ್ತೆ ಹೊರಗೆ. ಅದು ತಿರುಗಲಿಲ್ಲ. ತನ್ನ ಕಾಲುಗಳೆಲ್ಲಿವೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬಿದ್ದ. ತೆವಳಿಕೊಂಡು ಬಂದ.

ಅದರ ಮುಖ ಮಾತ್ರ ನೋಡಲಿಲ್ಲ.

"ಮುಳುಗಿ ಮುಗಿದ ಮೇಲೆ?" ಎಂದು ಕೇಳಿದ.

"ಗೊತ್ತಿಲ್ಲ. ಅಷ್ಟು ದಿನ ಯಾರನ್ನೂ ನಾವು ಇಲ್ಲಿ ನಿಲ್ಲಿಸಿಟ್ಟಿಲ್ಲ. ಮರುದಿನವೇ ಕರೆದು ಕಳಿಸುತ್ತಿದ್ದೆವು." ಸುಲೋಚನಮ್ಮ ಅವನ ಪಕ್ಕ ಕುಳಿತು ಸೆರಗಿನಿಂದ ಅವನ ಕೈಯ ಮಣ್ಣು ಒರೆಸಿದರು. "ನಾನು ಇಲ್ಲೇ ಇರುತ್ತೇನೆ."

ಲೋಕೇಶನಿಗೆ ಬೇರೇನೂ ತೋಚಲಿಲ್ಲ. ಜೇಬಿನಿಂದ ಟೇಪು ತೆಗೆದ. ಅವನ ಎತ್ತರ ನೂರ ಎಪ್ಪತ್ತೊಂದು. ಮಣ್ಣಿನಿಂದ ಅದರ ನೆತ್ತಿಗೆ ಸರಿಯಾಗಿ ನೂರು ಇತ್ತು.

ಐದು ಗಂಟೆಗೆ ಮತ್ತೆ ಅಳೆದ. ತೊಂಬತ್ತಮೂರು ಸೆಂಟಿಮೀಟರ್.