ಮೂರೂ ಇಪ್ಪತ್ತಕ್ಕೆ ನಾಲ್ಕು ಡಿಗ್ರಿ

ಪ್ಲೊವ್‌ದಿವ್‌ಗೆ ಬಂದು ಹನ್ನೊಂದು ವರ್ಷವಾದರೂ ಈ ಊರಿನ ತಲೆಯಾಟ ನನಗಿನ್ನೂ ಬಗೆಹರಿದಿಲ್ಲ. ಪಕ್ಕದ ಮನೆಯ ರುಮ್ಯಾನಾ ಅಕ್ಕನ ತಮ್ಮ ಝಿವ್ಕೋ ಜರ್ಮನಿಗೆ ದುಡಿಯಲು ಹೋಗಿದ್ದ. ಅವನು ಮನೆಯಲ್ಲೇ ಬಿಟ್ಟುಹೋಗಿದ್ದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ತೋರಿಸಿ, "ನಾನು ತಗೊಂಡರೆ ಒಪ್ತಾನಾ ಅಕ್ಕಾ?" ಅಂದೆ. ಅಕ್ಕ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಎತ್ತಿಕೊಂಡು ಬಂದೆ.

ಸೆಕೆಗೆ ಕಾರ್ಡ್ ಕಾಯದಿರಲಿ ಅಂತ ಅದರ ವೋಲ್ಟೇಜ್ ಇಳಿಸಿದೆ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಕಂಪ್ಯೂಟರ್ ಕ್ರ್ಯಾಶ್ ಆಯಿತು. ಮರುದಿನವೂ ಅದೇ ಹೊತ್ತಿಗೆ. ವೋಲ್ಟೇಜ್ ಮೊದಲಿನಷ್ಟೇ ಮಾಡಿದರೂ ನಿಲ್ಲಲಿಲ್ಲ. ಕಂಪ್ಯೂಟರ್ ತಾನೇ ಬರೆದುಕೊಳ್ಳುವ ಲಾಗ್ ನೋಡಿದರೆ, ಪ್ರತಿ ಸಲವೂ ಕಾರ್ಡಿನ ತಾಪ ನಾಲ್ಕು ಡಿಗ್ರಿ. ಕೋಣೆಯಲ್ಲಿ ಮೂವತ್ತಾರಿತ್ತು!

ಕಾರ್ಡ್ ಕಿತ್ತು ವಾಪಸ್ ಒಯ್ದೆ. ಅಕ್ಕನ ಬಾಗಿಲಿಗೆ, ಇಲ್ಲಿನ ರೂಢಿಯಂತೆ, ಝಿವ್ಕೋನ ಫೋಟೋ ಇದ್ದ ಸಾವಿನ ಸುದ್ದಿಯ ಹಾಳೆ ಅಂಟಿಸಿದ್ದರು. ಗೋಂದು ಇನ್ನೂ ಹಸಿಯಾಗಿತ್ತು.

"ಒಂದು ವಾರದ ಹಿಂದೆ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಹೋದನಂತೆ ಕಣೋ, ಆಗಿನಿಂದ ಅಲ್ಲಿನ ಶವಾಗಾರದ ಫ್ರಿಜ್ಜಿನಲ್ಲೇ ಇದ್ದನಂತೆ. ನಮಗೆ ಇವತ್ತು ತಿಳೀತು."

"ಕಾರ್ಡ್ ಕೊಡೋಕೆ ಒಪ್ತಾನೆ ಅಂದಿದ್ರಲ್ಲಾ ಅಕ್ಕಾ?"

"ಅಯ್ಯೋ ದಡ್ಡ, ತಲೆ ಹಾಗೆ ಆಡಿಸಿದ್ರೆ ಇಲ್ಲ ಅಂತ! ಇನ್ನೂ ಕಲೀಲಿಲ್ವಲ್ಲೋ ನೀನು."

ಶುಕ್ರವಾರ ಅವನನ್ನು ತಂದು ಮಣ್ಣು ಮಾಡಿದರು. ಮೇಲೆ ಸುಡುಬಿಸಿಲಿದ್ದರೂ ಗುಂಡಿಯ ಆಳದ ಮಣ್ಣು ತಂಪಾಗಿತ್ತು. ಅಕ್ಕ ಆ ಕಾರ್ಡನ್ನೂ ಶವಪೆಟ್ಟಿಗೆಯೊಳಗೆ ಇಟ್ಟರು.

ಕಾರ್ಡೇ ಇಲ್ಲದ ನನ್ನ ಕಂಪ್ಯೂಟರಿನ ಲಾಗನ್ನು ಇವತ್ತು ತೆಗೆದು ನೋಡಿದೆ. ಮೂರೂ ಇಪ್ಪತ್ತಕ್ಕೆ ಹೊಸ ಸಾಲು ಬಂದಿದೆ. ಕಾರ್ಡಿನ ತಾಪ ಮಾತ್ರ ಈಗ ನಾಲ್ಕಲ್ಲ, ಹದಿನೇಳು.