ನಾನೂರ ಎಂಬತ್ತರ ನಕಲಿ ಅಂಕಪಟ್ಟಿ

ಬೆಳಿಗ್ಗೆ ಹತ್ತು ಗಂಟೆ. ಶಿಕಾರಿಪುರದ ಅನ್ವೇಷಣಾ ಪಿಯು ಕಾಲೇಜಿನ ನೋಟೀಸ್ ಬೋರ್ಡಿನ ಮುಂದೆ ಸೊರಬದ ಟೈಲರ್ ಮುಕ್ತಾರ್ ಅಹಮದ್ ನಿಂತಿದ್ದರು. ಪಕ್ಕದಲ್ಲಿ ಮಗಳು ಸಬ್ರೀನ್. ವಿಜ್ಞಾನ ವಿಭಾಗದಲ್ಲಿ ಇರುವುದು ಒಂದೇ ಉಚಿತ ಸೀಟು, ಹಾಸ್ಟೆಲ್ ಸಮೇತ. ಅದು ಯಾರಿಗೆ ಸಿಕ್ಕಿದೆ ಎಂದು ಬೋರ್ಡಿನಲ್ಲಿ ಬರೆದಿತ್ತು.

"ಸರ್ವಮಂಗಳ ಎಚ್., ನಿಷ್ಠಾ ಪ್ರೌಢಶಾಲೆ, ಸೊರಬ," ಎಂದು ಮುಕ್ತಾರ್ ಓದಿದರು. "ನಿನ್ನ ಕ್ಲಾಸಿನವಳೇನಮ್ಮ?"

"ನಮ್ಮ ಕ್ಲಾಸಲ್ಲಿ ಇರೋದೇ ಇಪ್ಪತ್ತೆರಡು ಜನ ಅಬ್ಬಾ. ಈ ಹೆಸರಿನೋರು ಯಾರೂ ಇಲ್ಲ."

ಪಟ್ಟಿಯಲ್ಲಿ ಎರಡನೇ ಹೆಸರು ಸಬ್ರೀನಳದ್ದು. ಮುಕ್ತಾರ್ ಸೀದಾ ಪ್ರಿನ್ಸಿಪಾಲರ ಕೋಣೆಗೆ ನಡೆದರು. ಅರ್ಧ ಗಂಟೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಬಸಕ್ಕ ಬಂದರು.

ಪ್ರಿನ್ಸಿಪಾಲ್ ಪರಶುರಾಮ ಅಂಕಪಟ್ಟಿಯನ್ನು ಮುಂದಿಟ್ಟರು. ಆರು ವಿಷಯ, ಒಟ್ಟು ಆರುನೂರಕ್ಕೆ ನಾನೂರ ಎಂಬತ್ತು.

"ಎಂಬತ್ತು ಪರ್ಸೆಂಟಾ?" ಬಸಕ್ಕನಿಗೆ ಅನುಮಾನ. "ಇಪ್ಪತ್ತೆರಡು ವರ್ಷದ ಸರ್ವೀಸಿನಾಗೆ ನಕಲಿ ಅಂಕಪಟ್ಟಿ ಬೇಕಾದಷ್ಟು ನೋಡೀನಿ. ಎಲ್ಲಾ ತೊಂಬತ್ತೈದರ ಮೇಲೆ. ಕಳ್ಳತನ ಮಾಡಾಕೆ ಬಂದೋನು ಯಾಕ್ರಿ ಕಡಿಮೆ ಹಾಕ್ಕಂತಾನೆ?"

ಪರಶುರಾಮ ಗಂಟಲು ಸರಿಮಾಡಿಕೊಂಡರು. "ಎಸ್ಸೆಸ್ಸೆಲ್ಸಿ ರಿಸಲ್ಟು ಇನ್ನೂ ಬಂದಿಲ್ಲ ರೀ. ಅದಕ್ಕೆ ಒಂಬತ್ತನೇ ಕ್ಲಾಸಿನ ಅಂಕ ನೋಡಿ ಸೀಟು ಕೊಡ್ತೀವಿ. ಆದ್ರೆ ಎಲ್ಲಾ ಶಾಲೆ ಅಂಕಕ್ಕೂ ಒಂದೇ ತೂಕ ಇರಲ್ಲ. ನಿಷ್ಠಾ ಶಾಲೆಯೋರು ಭಾಳ ಬಿಗಿ. ಅವರ ಪರ್ಸೆಂಟಿಗೆ ನಾವು ಹದಿನಾಲ್ಕು ಕೂಡಿಸ್ತೀವಿ."

"ನಮ್ಮ ಆನಂದ ಪ್ರೌಢಶಾಲೆಗೆ ಹದಿನೈದು ಕಳೀತಾರೆ," ಎಂದಿತು ಮೂಲೆಯಿಂದ ಒಂದು ದನಿ.

ಶಿಕಾರಿಪುರದ ಆ ಶಾಲೆಯ ಹೆಡ್‌ಮಾಸ್ಟರ್ ಹರೀಶ ಮನವಿಪತ್ರ ಹಿಡಿದು ಕೂತಿದ್ದರು. ದುಂಡು ಮುಖ, ಮಾತಿಗಿಂತ ಮೊದಲು ನಗು. ಈ ಹದಿನೈದನ್ನು ತೆಗೆಸಲು ಅವರು ಮೂರು ವರ್ಷದಿಂದ ಮನವಿ ಕೊಡುತ್ತಿದ್ದರು.

"ನಿಮ್ಮ ನಲವತ್ತೊಂದು ಮಕ್ಕಳಲ್ಲಿ ಕಡೆಯವನಿಗೆ ತೊಂಬತ್ಮೂರು ರೀ," ಎಂದರು ಪರಶುರಾಮ. "ಯಾರು ಜಾಣರು ಅಂತ ಹೆಂಗೆ ಹುಡುಕಲಿ?"

"ಎಲ್ಲಾರೂ ಜಾಣರೇ ಸರ್. ಎರಡು ಅಂಕ ಜಾಸ್ತಿ ಕೊಟ್ರೆ ನಮ್ಮ ಗಂಟೇನು ಹೋಗುತ್ತೆ ಹೇಳ್ರಿ."

ಬಸಕ್ಕ ಬೆರಳಿಗೆ ನೀರು ಮುಟ್ಟಿಸಿಕೊಂಡು ಅಂಕಪಟ್ಟಿಯ ನೇರಳೆ ಸೀಲನ್ನು ಉಜ್ಜಿದರು. ಬೆರಳಿಗೆ ಏನೂ ಹತ್ತಲಿಲ್ಲ. ಸೀಲು ಒತ್ತಿದ್ದಲ್ಲ, ಕಲರ್ ಪ್ರಿಂಟ್. ಸಹಿಯೂ ಅಷ್ಟೇ. ಅಂಕಗಳನ್ನು ಮಾತ್ರ ನೀಲಿ ಪೆನ್ನಿನಲ್ಲಿ ಬರೆಯಲಾಗಿತ್ತು.

* * *

ಸೊರಬದಲ್ಲಿ ನಿಷ್ಠಾ ಶಾಲೆಯ ಮುಖ್ಯಸ್ಥೆ ರಾಜೇಶ್ವರಮ್ಮ ಉತ್ತರಪತ್ರಿಕೆ ತಿದ್ದುತ್ತಿದ್ದರು. ಬಸಕ್ಕ ಬಾಗಿಲಲ್ಲಿ ನಿಂತರು. ಪುಟ ಮುಗಿಯುವವರೆಗೂ ರಾಜೇಶ್ವರಮ್ಮ ತಲೆ ಎತ್ತಲಿಲ್ಲ.

"ಇದು ನಮ್ಮದಲ್ಲ," ಎಂದರು ಹಾಳೆ ನೋಡಿದ ಕೂಡಲೇ. "ಲೆಟರ್‌ಹೆಡ್ಡಲ್ಲಿ ಹಳೇ ಫೋನ್ ನಂಬರ್ ಇದೆ. ಹೋದ ವರ್ಷ ಕ್ವಿಜ್ ಸ್ಪರ್ಧೆಗೆ ಕರೆದು ಹನ್ನೆರಡು ಶಾಲೆಗೆ ಪತ್ರ ಬರೆದಿದ್ದೆ. ಅದಾದ ಮೇಲೆ ನಂಬರ್ ಬದಲಾಯ್ತು."

"ನಿಮ್ಮ ಆಫೀಸಿನೋರು ಯಾರಾದ್ರೂ ಹಳೇ ಹಾಳೆ ತಗೊಂಡಿರಬಹುದಾ?"

"ಇಲ್ಲಿ ಕ್ಲರ್ಕೂ ನಾನೇ. ನನ್ನ ಮೇಲೆ ಅನುಮಾನ ಇದ್ರೆ ಬರಕೊಳ್ಳಿ."

ಬಸಕ್ಕ ಬರೆದುಕೊಂಡರು. ಅವರ ಪದ್ಧತಿಯೇ ಹಾಗೆ. ರಾಜೇಶ್ವರಮ್ಮ ಆ ಸಾಲಿನಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ತಿದ್ದಿ, ಪುಸ್ತಕ ವಾಪಸು ಕೊಟ್ಟರು.

* * *

ಅರ್ಜಿಯಲ್ಲಿದ್ದ ವಿಳಾಸ ಈಸೂರಿನದು. ಈಸೂರಿಂದ ಸೊರಬಕ್ಕೆ ದಿನಾ ಹೋಗಿ ಬಂದು ಓದುವ ಹುಡುಗಿ ಯಾರಪ್ಪ ಎಂದುಕೊಳ್ಳುತ್ತಲೇ ಬಸಕ್ಕ ಬಸ್ಸಿಳಿದರು.

ಸರ್ವಮಂಗಳಳ ತಾಯಿ ಗುಡ್ಡಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಖಾಕಿ ಸೀರೆ ಕಂಡು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಸೊರಬದಾಗೆ ಯಾಕೆ ಓದ್ತಾಳ್ರೀ? ಇವಳು ಆನಂದ ಶಾಲೆ ಹುಡುಗಿ. ಅರ್ಜಿ ತುಂಬಿದ್ದು ಶಾಲೆ ಆಫೀಸಿನೋರು. ಲಕೋಟೆ ಅಂಟಿಸಿ ಕೊಟ್ರು, ನಾನು ಹೋಗಿ ಕಾಲೇಜಿನ ಕಿಟಕಿಗೆ ಕೊಟ್ಟೆ."

"ದಾರಿಯಾಗೆ ಯಾರಾದ್ರೂ ಬಿಚ್ಚಿದ್ರಾ? ಮಗಳು?"

ಒಳಗಿಂದ ಸರ್ವಮಂಗಳ ಬಂದಳು. ತೆಳ್ಳನೆ ಹುಡುಗಿ, ನೇರ ನೋಟ. ಬಸಕ್ಕ ಮಾತಾಡದೆ ಅಂಕಪಟ್ಟಿಯನ್ನು ಅವಳ ಕೈಗಿಟ್ಟು ಮುಖವನ್ನೇ ನೋಡಿದರು. ಮುಖದಲ್ಲಿ ಅಳುಕಿರಲಿಲ್ಲ. ಹುಬ್ಬು ಮಾತ್ರ ಗಂಟಿಕ್ಕಿತು.

"ಇದು ತಪ್ಪೈತ್ರಿ."

"ಗೊತ್ತು. ನಕಲಿ."

"ಅದಲ್ರೀ. ಕೂಡಿಸಿದ್ದು ತಪ್ಪೈತಿ. ಎಂಬತ್ತೆರಡು, ಎಪ್ಪತ್ತೇಳು, ಎಪ್ಪತ್ತೊಂಬತ್ತು, ಎಂಬತ್ನಾಲ್ಕು, ಎಂಬತ್ತೊಂದು, ಎಪ್ಪತ್ತೈದು. ನಾನೂರ ಎಪ್ಪತ್ತೆಂಟು ಆಗ್ತೈತಿ. ಎರಡು ಹೆಚ್ಚು ಬರೆದಾರೆ."

ಬಸಕ್ಕ ಮೊಬೈಲ್ ತೆಗೆದು ಎರಡು ಸಲ ಕೂಡಿಸಿದರು. ನಾನೂರ ಎಪ್ಪತ್ತೆಂಟೇ.

"ನಿನ್ನ ನಿಜವಾದ ಅಂಕ ಎಷ್ಟಮ್ಮ?"

"ಐನೂರ ಎಂಬತ್ತೆಂಟು ಅಂತ ಬರೆದಾರೆ." ಹುಡುಗಿ ಅಂಕಪಟ್ಟಿಯನ್ನು ವಾಪಸು ಕೊಟ್ಟಳು. "ನಿಜವಾದದ್ದು ಎಷ್ಟು ಅಂತ ನನಗೆ ಯಾರೂ ಹೇಳಿಲ್ಲ."

* * *

ಆನಂದ ಶಾಲೆಯ ಆಫೀಸಿನಲ್ಲಿ ಇರುವುದು ಇಬ್ಬರೇ. ಹೆಡ್‌ಮಾಸ್ಟರ್ ಹರೀಶ ಮತ್ತು ಕ್ಲರ್ಕ್ ಶೇಷಮ್ಮ.

"ಅರ್ಜಿ ತುಂಬೋದೆಲ್ಲ ಶೇಷಮ್ಮನೇ ಮೇಡಂ," ಎಂದರು ಹರೀಶ. ಹಾಗೆ ಹೇಳುವಾಗ ಗೋಡೆ ನೋಡುತ್ತಿದ್ದರು.

ಶೇಷಮ್ಮ ಎದ್ದು ನಿಂತರು. "ತುಂಬಿದ್ದು ಹೌದು. ಸರ್ವಮಂಗಳಂದು ಮಾತ್ರ ಸರ್ ಈಸಿಕೊಂಡ್ರು."

"ಇಲ್ಲ ಮೇಡಂ. ಅವರಿಗೆ ಮರೆತಿರಬೇಕು."

ಬಸಕ್ಕ ಇಬ್ಬರ ಮಾತಿಗೂ ತಲೆಯಾಡಿಸಿದರು. ಶೇಷಮ್ಮ ಬರೆಯುವ ಹಾಜರಿ ಪುಸ್ತಕವನ್ನೂ ಹರೀಶ ಬರೆಯುವ ಅಂಕಗಳ ರಿಜಿಸ್ಟರನ್ನೂ ಕೇಳಿ ಪಡೆದರು. ಬೆಂಚಿನ ಮೇಲೆ ಕೂತು ಎರಡು ತಾಸು ಕೂಡಿಸಿದರು. ಹರೀಶ ಎರಡು ಸಲ ಚಹಾ ತರಿಸಿದರು. ಎರಡೂ ಸಲ ಸಕ್ಕರೆ ವಿಪರೀತ.

* * *

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ಬಸಕ್ಕ ನಿಂತೇ ಮಾತಾಡಿದರು.

"ಕಡಿಮೆ ಅಂಕದ ನಕಲಿ ಪಟ್ಟಿ ಮಾಡೋನಿಗೆ ಎರಡು ವಿಷಯ ಗೊತ್ತಿರಬೇಕು. ನಿಷ್ಠಾ ಶಾಲೆ ಎಂಬತ್ತಕ್ಕೆ ಇಲ್ಲಿ ತೊಂಬತ್ನಾಲ್ಕರ ಬೆಲೆ. ಆನಂದ ಶಾಲೆ ತೊಂಬತ್ತೆಂಟಕ್ಕೆ ಎಂಬತ್ಮೂರರ ಬೆಲೆ. ಗುಡ್ಡಮ್ಮಂಗೆ ಇದು ಗೊತ್ತಿಲ್ಲ. ಮನವಿ ಕೊಡೋರಿಗೆ ಚೆನ್ನಾಗಿ ಗೊತ್ತು."

ಹರೀಶರ ನಗು ಅಲ್ಲೇ ನಿಂತಿತು.

"ಲೆಟರ್‌ಹೆಡ್ಡು ಕ್ವಿಜ್ ಪತ್ರದ್ದು. ಹನ್ನೆರಡು ಶಾಲೆಯಾಗೆ ಆನಂದ ಶಾಲೆನೂ ಒಂದು. ಹುಡುಗಿ ಮಾಡಿರಬಹುದು ಅಂತ ನಂಗೂ ಅನಿಸಿತ್ತು. ಆದ್ರೆ ಪಟ್ಟಿ ಕೈಗೆ ಕೊಟ್ಟ ಕೂಡಲೇ ತಪ್ಪು ಹಿಡಿದೋಳು ಆ ತಪ್ಪು ಮಾಡಲ್ಲ. ಉಳಿದೋರು ಇಬ್ಬರು. ಶೇಷಮ್ಮನ ಪುಸ್ತಕದಾಗೆ ಒಂದು ಲೆಕ್ಕನೂ ತಪ್ಪಿಲ್ಲ." ಬಸಕ್ಕ ರಿಜಿಸ್ಟರ್ ತೆರೆದರು. "ಇದ್ರಾಗೆ ನಲವತ್ತೊಂದು ಮಕ್ಕಳ ಒಟ್ಟು ಐತಿ. ಒಂದೂ ಸರಿ ಇಲ್ಲ. ಎಲ್ಲಾದಕ್ಕೂ ಎರಡೋ ಮೂರೋ ಹೆಚ್ಚು. ಬರೆದ ಕೈ ಹರೀಶ್ ಸರ್‌ದು. ಕಳ್ಳತನ ಮಾಡುವಾಗಲೂ ಆ ಕೈಗೆ ಕೊಡೋ ಚಟ ಬಿಡಲಿಲ್ಲ."

ಹರೀಶ ತಲೆ ತಗ್ಗಿಸಿದರು.

"ಮೂವತ್ತು ವರ್ಷ ಪಾಠ ಮಾಡೀನಿ. ಇಂಥ ಹುಡುಗಿ ಇನ್ನೊಬ್ಬಳು ಸಿಕ್ಕಿಲ್ಲ. ತೊಂಬತ್ತೆಂಟು ಕೊಟ್ಟೆ. ಯಾರೂ ನಂಬಲ್ಲ ಅಂತ ಗೊತ್ತಿತ್ತು. ಪಕ್ಕದ ಬೆಂಚಿನೋನಿಗೂ ತೊಂಬತ್ತೇಳು ಕೊಟ್ಟಿದ್ದೆ. ನಂಬೋ ಹಂಗೆ ಮಾಡಬೇಕಂದ್ರೆ ರಾಜೇಶ್ವರಮ್ಮನೋರ ಹೆಸರೇ ಬೇಕಾಯ್ತು." ಶೇಷಮ್ಮನ ಕಡೆ ತಿರುಗಿ ಕೈ ಮುಗಿದರು. "ನಿಮ್ಮ ಮೇಲೆ ಹಾಕಬಾರದಿತ್ತು."

"ನನ್ನ ಮಗಳ ಸೀಟು ಹೋಗಿತ್ತಲ್ಲ ಸರ್," ಎಂದರು ಮುಕ್ತಾರ್ ಮೆಲ್ಲಗೆ.

ಬಸಕ್ಕ ಹರೀಶರನ್ನು ಠಾಣೆಗೆ ಕರೆದುಕೊಂಡು ಹೋದರು. ಕೇಸಾಯಿತು, ಜಾಮೀನೂ ಸಿಕ್ಕಿತು. ಹೆಡ್‌ಮಾಸ್ಟರ್ ಕುರ್ಚಿ ಹೋಯಿತು.

* * *

ಸೀಟು ಸಬ್ರೀನಳಿಗೆ ಬಂತು. ಅವಳಿಗೆ ಸಮಾಧಾನವಾಗಲಿಲ್ಲ. "ನಮ್ಮಿಬ್ಬರಿಗೂ ಒಂದೇ ಪರೀಕ್ಷೆ ಕೊಡಿ ಮೇಡಂ," ಎಂದು ರಾಜೇಶ್ವರಮ್ಮನ ಹತ್ತಿರ ಹಟ ಹಿಡಿದಳು. ರಾಜೇಶ್ವರಮ್ಮ ನೂರು ಅಂಕದ, ಮೂರು ತಾಸಿನ ಪ್ರಶ್ನೆಪತ್ರಿಕೆ ಬರೆದರು. ಇಬ್ಬರೂ ಸೊರಬದ ಶಾಲೆಯಲ್ಲಿ ಕೂತು ಉತ್ತರಿಸಿದರು. ಅದೇ ಸಂಜೆ ತಿದ್ದಿದ್ದೂ ಆಯಿತು. ಸಬ್ರೀನ್ ಎಪ್ಪತ್ತೊಂದು. ಸರ್ವಮಂಗಳ ಅರವತ್ತೆಂಟು.

ಪರಶುರಾಮ ಪೇಚಿಗೆ ಬಿದ್ದರು. "ತಿದ್ದಿದ್ದು ನಿಷ್ಠಾ ಶಾಲೆಯೋರು, ಹದಿನಾಲ್ಕು ಕೂಡಿಸಬೇಕು. ಹುಡುಗಿ ಆನಂದ ಶಾಲೆಯೋಳು, ಹದಿನೈದು ಕಳೀಬೇಕು. ಅರವತ್ತೇಳು ಅಂತ ಬರೆಯಲಾ?"

"ಅರವತ್ತೆಂಟು ಅಂತ ಬರೀರಿ," ಎಂದರು ರಾಜೇಶ್ವರಮ್ಮ. "ನಾನು ಕಲಿಸದೇ ಇದ್ದ ಹುಡುಗಿ ನನ್ನ ಕೈಯಲ್ಲಿ ಅರವತ್ತೆಂಟು ತಗೊಂಡಿದ್ದು ಇದೇ ಮೊದಲು. ನಿಮ್ಮ ಆಡಳಿತ ಮಂಡಳಿಗೆ ನಾನೇ ಪತ್ರ ಕೊಡ್ತೀನಿ."

ಹತ್ತು ದಿನದ ಮೇಲೆ ಮಂಡಳಿ ಎರಡನೇ ಉಚಿತ ಸೀಟಿಗೆ ಒಪ್ಪಿತು. ಸುದ್ದಿ ತಿಳಿಸಲು ಬಸಕ್ಕ ಈಸೂರಿಗೆ ಹೋದರು. ಗುಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸರ್ವಮಂಗಳ ಜಗಲಿಯ ಮೇಲೆ ಆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಳು. ಪುಟದ ತುಂಬ ಕೆಂಪು ಗೆರೆ.

"ಸೀಟು ಸಿಕ್ತಲ್ಲ, ಇನ್ನೂ ಯಾಕೆ ನೋಡ್ತೀಯವ್ವ ಅದನ್ನ?"

"ಮೂವತ್ತೆರಡು ಎಲ್ಲೆಲ್ಲಿ ಹೋತು ಅಂತ ಬರೆದಾರ್ರಿ," ಎಂದಳು ಹುಡುಗಿ. "ಇಷ್ಟು ವರ್ಷದಾಗೆ ಯಾರೂ ಬರೆದಿರಲಿಲ್ಲ."

ಮುಂದಿನ ಪುಟ ತಿರುವಿದಳು.